ಗ್ಲೋಬಲ್ ಫಾರೆಸ್ಟ್ ವಾಚ್: ಕಾಡಿನ ನಕ್ಷೆಯಲ್ಲಿ ಮಳೆಯನ್ನು ಓದಬಹುದೇ?

ಕಾಡು ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂಬ ಮಾತು ನಮ್ಮಲ್ಲಿ ಶಾಲೆಯ ಗೋಡೆಬರಹದಿಂದ ಹಿಡಿದು ವನಮಹೋತ್ಸವದ ಭಾಷಣದವರೆಗೆ ಎಲ್ಲೆಲ್ಲೂ ಕೇಳಿಬರುತ್ತದೆ. ಎಲ್ಲಿಯ ಕಾಡು, ಎಷ್ಟು ಕಡಿದರೆ, ಯಾರ ಊರಿನ ಮಳೆ, ಎಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂದು ಮುಂದಿನ ಪ್ರಶ್ನೆ ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ. ಆ ಉತ್ತರದ ಮೊದಲರ್ಧವನ್ನು, ಅಂದರೆ ಎಲ್ಲಿಯ ಕಾಡು ಯಾವ ವರ್ಷ ಎಷ್ಟು ಹೋಯಿತು ಎಂಬುದನ್ನು, ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದಾದ ಜಾಲತಾಣ ಗ್ಲೋಬಲ್ ಫಾರೆಸ್ಟ್ ವಾಚ್. ಜಗತ್ತಿನ ಅರಣ್ಯನಾಶದ ಅಂಕಿಅಂಶ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಬಹುತೇಕ ಈ ತಾಣದ ಹೆಸರೇ ಅದರ ಕೆಳಗಿರುತ್ತದೆ. ನಾನು ಇದನ್ನು ಬಳಸುತ್ತಿರುವುದು ಮರಗಳ ಲೆಕ್ಕಕ್ಕಿಂತ ಮಳೆಯ ಮೇಲಿನ ಆಸಕ್ತಿಯಿಂದ, ಆದ್ದರಿಂದ ಈ ವಿಮರ್ಶೆಯೂ ಆ ಕಡೆಯಿಂದಲೇ ಇರುತ್ತದೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಅಮೆಜಾನ್‌ನಂಥ ಕಡೆಗಳಲ್ಲಿ ಈ ನಕ್ಷೆಯನ್ನು ಬಹುಮಟ್ಟಿಗೆ ಧೈರ್ಯವಾಗಿ ನೆಚ್ಚಿಕೊಳ್ಳಬಹುದು, ನಮ್ಮ ಮಲೆನಾಡಿನಲ್ಲಿ ಅದರ ಒಂದೊಂದು ಚುಕ್ಕೆಯನ್ನೂ ಅನುಮಾನದಿಂದಲೇ ನೋಡಬೇಕು, ಮಳೆಯ ಬಗ್ಗೆಯಂತೂ ಇದೊಂದನ್ನೇ ಹಿಡಿದುಕೊಂಡು ಎಲ್ಲಿಯೂ ತೀರ್ಮಾನಕ್ಕೆ ಬರಬಾರದು.

ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 1997ರಲ್ಲಿ ಇದೇ ಹೆಸರಿನಲ್ಲಿ ಅರಣ್ಯಗಳ ಮೇಲೆ ನಿಗಾ ಇಡುವ ಕೆಲಸ ಆರಂಭಿಸಿತ್ತು. ಈಗ ನಾವು ಕಾಣುವ ನಕ್ಷೆಯ ರೂಪ ಬಂದದ್ದು 2014ರ ಫೆಬ್ರುವರಿಯಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ಸಂಗಡಿಗರು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿಂದ ಸಿದ್ಧಪಡಿಸಿ 2013ರಲ್ಲಿ ಪ್ರಕಟಿಸಿದ ಜಾಗತಿಕ ಮರಹೊದಿಕೆಯ ದತ್ತಾಂಶವೇ ಅದರ ಬೆನ್ನೆಲುಬು. 2000ನೇ ಇಸವಿಯಲ್ಲಿ ಎಲ್ಲೆಲ್ಲಿ ಮರವಿತ್ತು ಎಂಬುದನ್ನು ಆಧಾರವಾಗಿಟ್ಟುಕೊಂಡು, 2001ರಿಂದ ಈಚೆಗೆ ಯಾವ ವರ್ಷ ಎಲ್ಲಿ ಮರ ಇಲ್ಲವಾಯಿತು ಎಂದು ಅದು ಗುರುತಿಸುತ್ತದೆ. ನಕ್ಷೆಯ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. ಈ ಒಂಬತ್ತು ಗುಂಟೆಯಲ್ಲಿ 5 ಮೀಟರಿಗಿಂತ ಎತ್ತರದ ಗಿಡಮರಗಳ ನೆತ್ತಿ ಶೇ. 30ಕ್ಕಿಂತ ಹೆಚ್ಚು ಜಾಗವನ್ನು ಮುಚ್ಚಿದ್ದರೆ ಅದು ಹಸಿರು; ಆ ಮರಗಳು ಪೂರ್ತಿ ಹೋಗಿದ್ದರೆ ಗುಲಾಬಿ. ಶೇ. 30 ಎಂಬ ಮಿತಿಯನ್ನು ಬೇಕೆಂದರೆ ಬಳಕೆದಾರರೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ದೇಶ, ರಾಜ್ಯ, ಜಿಲ್ಲೆಗಳ ಲೆಕ್ಕ ಒಂದೇ ಒತ್ತಿಗೆ ಸಿಗುತ್ತದೆ. ನಮಗೆ ಬೇಕಾದ ಜಾಗಕ್ಕೆ ನಾವೇ ಗೆರೆ ಎಳೆದು ಅಷ್ಟರ ಲೆಕ್ಕವನ್ನೂ ಪಡೆಯಬಹುದು.

ಈ ಸೇವೆಯ ನಿಜವಾದ ಶಕ್ತಿ ತಿಳಿಯಬೇಕಾದರೆ ಬ್ರೆಜಿಲ್‌ನ ರೊಂಡೋನಿಯಾ ರಾಜ್ಯವನ್ನು ತೆರೆಯಬೇಕು. ಅಮೆಜಾನ್ ಕಾಡಿನ ನೈರುತ್ಯ ಅಂಚಿನಲ್ಲಿರುವ ಈ ರಾಜ್ಯವನ್ನು ಬಿಆರ್-364 ಎಂಬ ಹೆದ್ದಾರಿ ಸೀಳಿಕೊಂಡು ಹೋಗುತ್ತದೆ. ವಿಶ್ವಬ್ಯಾಂಕ್ ಸಾಲದ ಬೆಂಬಲದಿಂದ ಅದಕ್ಕೆ ಡಾಂಬರು ಬಿದ್ದದ್ದು 1984ರಲ್ಲಿ. ಹೆದ್ದಾರಿಯ ಎರಡೂ ಬದಿಗೆ ನಾಲ್ಕೈದು ಕಿಲೋಮೀಟರಿಗೊಂದರಂತೆ ಅಡ್ಡರಸ್ತೆಗಳು ಹೊರಟು, ಒಂದೊಂದು ರಸ್ತೆಯ ಇಕ್ಕೆಲದಲ್ಲೂ ವಲಸೆ ಬಂದ ಕುಟುಂಬಗಳಿಗೆ ಜಮೀನು ಹಂಚಿಕೆಯಾಗಿ, ಕಾಡು ಕಡಿದ ಜಾಗ ಮೇಲಿನಿಂದ ನೋಡಿದರೆ ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ನಕ್ಷೆಯ ಬದಿಯಲ್ಲಿರುವ ಕಾಲಪಟ್ಟಿಯನ್ನು 2001ಕ್ಕೆ ಇಟ್ಟು ಚಾಲೂ ಮಾಡಿದರೆ, ವರ್ಷದಿಂದ ವರ್ಷಕ್ಕೆ ಆ ಮುಳ್ಳುಗಳ ತುದಿ ಮುಂದಕ್ಕೆ ಚಾಚುವುದು, ಎರಡು ಮುಳ್ಳುಗಳ ನಡುವೆ ಉಳಿದಿದ್ದ ಹಸಿರು ಪಟ್ಟಿ ಸಣ್ಣಗಾಗುತ್ತ ಕೊನೆಗೆ ಗುಲಾಬಿಯಲ್ಲಿ ಕರಗುವುದು, ಅವುಗಳ ಮಧ್ಯೆ ಉರು-ಏವು-ವಾವ್-ವಾವ್ ಆದಿವಾಸಿಗಳ ಮೀಸಲು ಪ್ರದೇಶ ಮಾತ್ರ ಗೆರೆ ಕೊರೆದ ಹಾಗೆ ಹಸಿರಾಗಿ ನಿಲ್ಲುವುದು, ಇವೆಲ್ಲ ಒಂದು ನಿಮಿಷದೊಳಗೆ ಕಣ್ಣ ಮುಂದೆ ನಡೆಯುತ್ತವೆ. ಯಾವ ವರದಿಯೂ ಇಷ್ಟು ಬೇಗ ಇಷ್ಟನ್ನು ಮನವರಿಕೆ ಮಾಡಿಕೊಡಲಾರದು. ಇಲ್ಲಿ ಕಡಿದ ಕಾಡಿನ ಜಾಗಕ್ಕೆ ಬಂದದ್ದು ಮುಖ್ಯವಾಗಿ ದನಗಳ ಹುಲ್ಲುಗಾವಲು. ಹಾಗಾಗಿ ಚುಕ್ಕೆ ಗುಲಾಬಿಯಾಯಿತು ಎಂದರೆ ಕಾಡು ಹೋಯಿತು ಎಂದೇ ಬಹುಮಟ್ಟಿಗೆ ಅರ್ಥ.

ರೊಂಡೋನಿಯಾವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಕಾಡು ಮತ್ತು ಮಳೆಯ ಸಂಬಂಧವನ್ನು ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ಮಾಡಿರುವ ಸ್ಥಳಗಳಲ್ಲಿ ಇದೂ ಒಂದು. ಬ್ರೆಜಿಲ್‌ನ ವಿಜ್ಞಾನಿ ಎನೆಯಾಸ್ ಸಲಾಟಿ 1970ರ ದಶಕದಲ್ಲಿ ಮಳೆನೀರಿನಲ್ಲಿರುವ ಆಮ್ಲಜನಕದ ಐಸೋಟೋಪುಗಳನ್ನು, ಅಂದರೆ ತೂಕದಲ್ಲಷ್ಟೇ ಬೇರೆಯಾಗಿರುವ ಪರಮಾಣುಗಳನ್ನು, ಅಳೆದು, ಅಮೆಜಾನ್ ಜಲಾನಯನದ ಮಳೆಯಲ್ಲಿ ಸುಮಾರು ಅರ್ಧದಷ್ಟು ಅದೇ ಕಾಡಿನಿಂದ ಮತ್ತೆ ಆವಿಯಾಗಿ ಮೇಲೇರಿದ ನೀರು ಎಂದು ತೋರಿಸಿದರು. ಅಟ್ಲಾಂಟಿಕ್ ಸಾಗರದಿಂದ ಬಂದ ತೇವ ಪೂರ್ವದಲ್ಲಿ ಸುರಿಯುತ್ತದೆ, ಮರಗಳು ಅದನ್ನು ಬೇರಿನಿಂದ ಎಳೆದು ಎಲೆಗಳ ಮೂಲಕ ಗಾಳಿಗೆ ಬಿಡುತ್ತವೆ, ಗಾಳಿ ಅದನ್ನು ಪಶ್ಚಿಮಕ್ಕೆ ಹೊತ್ತುಕೊಂಡು ಹೋಗಿ ಇನ್ನೊಂದು ಕಡೆ ಸುರಿಸುತ್ತದೆ. ಅಲ್ಲಿಯ ಜನ ಇದನ್ನು ಹಾರುವ ನದಿಗಳು ಎಂದು ಕರೆಯುತ್ತಾರೆ. ಪೂರ್ವ ಅಮೆಜಾನ್‌ನ ಪಾರಾ ರಾಜ್ಯದಲ್ಲಿ ಮಣ್ಣು ತೋಡಿ ನೋಡಿದವರು ಕಾಡುಮರಗಳ ಬೇರು 8 ಮೀಟರಿಗಿಂತ ಆಳಕ್ಕೆ ಇಳಿದಿರುವುದನ್ನು ಕಂಡಿದ್ದಾರೆ. ಬೇಸಿಗೆಯಲ್ಲೂ ಕಾಡು ಹಸಿರಾಗಿದ್ದು ನೀರಾವಿ ಬಿಡುತ್ತಲೇ ಇರುವ ಗುಟ್ಟು ಅದರಲ್ಲಿದೆ. ಹುಲ್ಲಿನ ಬೇರು ಮೇಲುಮಣ್ಣಿನಲ್ಲೇ ನಿಲ್ಲುವುದರಿಂದ ಬೇಸಿಗೆಯಲ್ಲಿ ಹುಲ್ಲುಗಾವಲು ಒಣಗುತ್ತದೆ, ನೀರನ್ನು ಆವಿ ಮಾಡಲು ಖರ್ಚಾಗಬೇಕಿದ್ದ ಬಿಸಿಲು ನೆಲವನ್ನೂ ಗಾಳಿಯನ್ನೂ ಕಾಯಿಸಲು ಖರ್ಚಾಗುತ್ತದೆ. ಕಡಿದ ಜಾಗದ ಹಗಲು ಪಕ್ಕದ ಕಾಡಿಗಿಂತ ಹೆಚ್ಚು ಸುಡುವುದಕ್ಕೆ ನೆರಳು ಹೋದದ್ದಷ್ಟೇ ಕಾರಣವಲ್ಲ.

ಇದರ ಪರಿಣಾಮ ಮೊದಲು ಕಾಣುವುದು ಮಳೆಗಾಲ ಹಿಡಿಯುವ ಹೊತ್ತಿನಲ್ಲಿ. ದಕ್ಷಿಣ ಅಮೆಜಾನ್‌ನಲ್ಲಿ ದೊಡ್ಡ ಮಳೆ ಮಾರುತಗಳು ಬಂದು ತಲುಪುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಮಳೆಗಾಲ ಆರಂಭವಾಗುತ್ತದೆ. ಆ ಮೊದಲ ಮಳೆಗೆ ಬೇಕಾದ ತೇವವನ್ನು ಕಾಡೇ ಕೂಡಿಸಿಕೊಡುತ್ತದೆ ಎಂಬುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಗ್ರಹ ಮಾಹಿತಿಯಿಂದ ತೋರಿಸಿಕೊಟ್ಟಿತು. ಹಾಗಿದ್ದ ಮೇಲೆ ಕಾಡು ಕಡಿಮೆಯಾದ ಕಡೆ ಮಳೆಗಾಲ ತಡವಾಗಬೇಕಷ್ಟೆ. ರೊಂಡೋನಿಯಾದ ಮಳೆಮಾಪಕಗಳ ದಾಖಲೆಗಳನ್ನು ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ದಶಕಗಳಲ್ಲಿ ಕಾಡು ಬಹಳವಾಗಿ ಕಡಿದಿರುವ ಭಾಗಗಳಲ್ಲಿ ಮಳೆಗಾಲದ ಆರಂಭ ಸರಾಸರಿ 11 ದಿನ ತಡವಾಗಿದೆ. ಸೋಯಾ ಕೊಯ್ದು ಅದೇ ಹೊಲದಲ್ಲಿ ಅದೇ ಮಳೆಗಾಲದೊಳಗೆ ಮೆಕ್ಕೆಜೋಳ ಬಿತ್ತುವ ಬ್ರೆಜಿಲ್‌ನ ರೈತನಿಗೆ ಹನ್ನೊಂದು ದಿನ ಎಷ್ಟು ದೊಡ್ಡದು ಎಂಬುದನ್ನು, ರೋಹಿಣಿ ಮಳೆಗೆ ಕಾದು ಕುಳಿತು ಬಿತ್ತನೆ ತಪ್ಪಿಸಿಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಬಂದಾಗ ಸೇವೆಯ ಮೊದಲ ಮಿತಿ ಎದುರಾಗುತ್ತದೆ. ರೊಂಡೋನಿಯಾದ ಕಾಡಿನ ದೊಡ್ಡ ಪಾಲು ಹೋದದ್ದು 1980 ಮತ್ತು 1990ರ ದಶಕಗಳಲ್ಲಿ. ನಕ್ಷೆಯ ಲೆಕ್ಕ ಶುರುವಾಗುವುದು 2001ರಿಂದ. ಹಳೆಯ ಮುಳ್ಳುಗಳು ನಕ್ಷೆಯಲ್ಲಿ ಗುಲಾಬಿಯಾಗಿಲ್ಲ, ಮೊದಲಿನಿಂದಲೂ ಬಯಲಾಗಿಯೇ ಇದ್ದವೇನೋ ಎಂಬಂತೆ ಬಿಳಿಚಿಕೊಂಡಿವೆ. ಮಳೆಯಲ್ಲಿ ಆದ ಬದಲಾವಣೆಗೂ ಗುಲಾಬಿ ಚುಕ್ಕೆಗಳಿಗೂ ನೇರವಾಗಿ ಗಂಟು ಹಾಕಲು ಹೊರಟವರು ಅರ್ಧ ಕಥೆಯನ್ನಷ್ಟೇ ನೋಡಿದಂತಾಗುತ್ತದೆ. ಇದಕ್ಕೆ ಸೇರಿಕೊಂಡಂತೆ ಇನ್ನೊಂದು ಸಂಗತಿಯೂ ಇದೆ: ಹೊಸ ಉಪಗ್ರಹಗಳು ಬಂದಂತೆ, ಲೆಕ್ಕದ ವಿಧಾನ ಸುಧಾರಿಸಿದಂತೆ ಇತ್ತೀಚಿನ ವರ್ಷಗಳಲ್ಲಿ ಸಣ್ಣ ನಷ್ಟವೂ ಕಣ್ಣಿಗೆ ಬೀಳುತ್ತಿದೆ, ಆದ್ದರಿಂದ ಆರಂಭದ ವರ್ಷಗಳನ್ನು ಈಚಿನ ವರ್ಷಗಳ ಪಕ್ಕದಲ್ಲಿಟ್ಟು ಹೋಲಿಸುವಾಗ ಎಚ್ಚರ ಬೇಕು ಎಂದು ತಾಣವೇ ಹೇಳುತ್ತದೆ. ಆ ಎಚ್ಚರಿಕೆ ಇರುವುದು ಮಾಹಿತಿಯ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಪುಟದಲ್ಲಿ. ಪತ್ರಿಕೆಗಳಿಗೆ ಹೋಗುವ ಸ್ತಂಭನಕ್ಷೆಯ ಜೊತೆಗೆ ಅದು ಹೋಗುವುದು ಅಪರೂಪ.

ಎರಡನೆಯ ಮಿತಿ ಇದಕ್ಕಿಂತ ಆಳದ್ದು, ಅದಕ್ಕೆ ಸೇವೆಯನ್ನು ದೂರುವುದೂ ಸರಿಯಲ್ಲ. ಕಾಡಿನ ನಷ್ಟ ಒಂಬತ್ತು ಗುಂಟೆಯ ಚುಕ್ಕೆಯಲ್ಲಿ ಕಾಣುತ್ತದೆ, ಮಳೆಯ ನಷ್ಟ ಆ ಅಳತೆಯಲ್ಲಿ ಇರುವುದೇ ಇಲ್ಲ. ಕಾಡಿನ ನಡುವೆ ಕೆಲವೇ ಕಿಲೋಮೀಟರು ಅಗಲದ ಜಾಗ ತೆರವಾದರೆ, ಕಾದ ಬಯಲಿನ ಗಾಳಿ ಮೇಲೇರಿ ಸುತ್ತಲ ಕಾಡಿನ ತಂಪು ತೇವದ ಗಾಳಿ ಒಳನುಗ್ಗಿ, ಅಲ್ಲಿ ಮೋಡ ಹೆಚ್ಚಾಗುವುದೂ ಉಂಟು; ರೊಂಡೋನಿಯಾದಲ್ಲಿ ಅರಣ್ಯನಾಶದ ಆರಂಭದ ವರ್ಷಗಳಲ್ಲಿ ಕಂಡದ್ದು ಇದೇ. ಬಯಲು ನೂರಾರು ಕಿಲೋಮೀಟರಿಗೆ ಹಬ್ಬಿದ ಮೇಲೆ ಆಟ ಬದಲಾಯಿತು. ಎತ್ತರ ತಗ್ಗಿನ ಮರಗಳ ತಡೆ ಇಲ್ಲದ ಹುಲ್ಲುಗಾವಲಿನ ಮೇಲೆ ಗಾಳಿ ಸರಾಗವಾಗಿ ಓಡತೊಡಗಿ, ಗಾಳಿ ಬರುವ ಕಡೆಯ ಅರ್ಧದಲ್ಲಿ ಬೇಸಿಗೆಯ ಮಳೆ ತಗ್ಗಿ, ಗಾಳಿ ಹೋಗುವ ಕಡೆಯ ಅರ್ಧದಲ್ಲಿ ಹೆಚ್ಚಾದದ್ದನ್ನು 2017ರ ಮತ್ತೊಂದು ಅಧ್ಯಯನ ಗುರುತಿಸಿದೆ. ಕಡಿದವನ ಊರಿಗೇ ಮಳೆ ಕಡಿಮೆಯಾಗಬೇಕೆಂಬ ನ್ಯಾಯವೇನೂ ನಿಸರ್ಗದಲ್ಲಿಲ್ಲ.

ದೊಡ್ಡ ಅಳತೆಯಲ್ಲಿ ಲೆಕ್ಕ ಎತ್ತ ವಾಲುತ್ತದೆ ಎಂಬುದಕ್ಕೆ ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಆಧಾರ. ಅಮೆಜಾನ್, ಕಾಂಗೋ ಮತ್ತು ಆಗ್ನೇಯ ಏಷ್ಯಾದ ಕಾಡುಗಳಲ್ಲಿ 2003ರಿಂದ 2017ರವರೆಗಿನ ಉಪಗ್ರಹ ದಾಖಲೆಗಳನ್ನು ಹೋಲಿಸಿ ಅವರು ಕಂಡುಕೊಂಡದ್ದು, 200 ಕಿ.ಮೀ. ಅಳತೆಯಲ್ಲಿ ಶೇ. 1ರಷ್ಟು ಕಾಡು ಹೋದರೆ ತಿಂಗಳಿಗೆ ಸುಮಾರು 0.25 ಮಿ.ಮೀ. ಮಳೆ ಕಡಿಮೆಯಾಗುತ್ತದೆ ಎಂದು. 200 ಕಿ.ಮೀ. ಉದ್ದಗಲದ ಚೌಕವೆಂದರೆ 40,000 ಚದರ ಕಿ.ಮೀ.; ಅದರ ಶೇ. 1 ಎಂದರೆ ಹತ್ತಿರ ಹತ್ತಿರ ಒಂದು ಲಕ್ಷ ಎಕರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು ಸೆಂಟುಗಳಲ್ಲೇ ಬರೆದಿಡುತ್ತಾರೆ. ಒಂದು ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಭಾಗ, ಅದು ಹತ್ತಿರ ಹತ್ತಿರ ಕಾಲು ಮಿಲಿಮೀಟರಿನಷ್ಟು. ಲಕ್ಷ ಎಕರೆ ಕಾಡಿಗೆ ತಿಂಗಳಿಗೆ ಒಂದು ಸೆಂಟ್ ಮಳೆ ಎಂಬುದು ಆ ಪುಸ್ತಕದ ಭಾಷೆಯಲ್ಲಿ ಈ ಅಧ್ಯಯನದ ಸಾರ. ಪಕ್ಕದ ಗುಡ್ಡದ ಹತ್ತೆಕರೆ ಬೋಳಾದದ್ದರಿಂದಲೇ ಈ ಸಲ ನಮ್ಮೂರಿಗೆ ಮಳೆ ಇಲ್ಲ ಎನ್ನುವವರಿಗೆ ಈ ಲೆಕ್ಕ ಬೆಂಬಲ ಕೊಡುವುದಿಲ್ಲ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ: ಅಷ್ಟು ಅಗಲದ ನೆಲದಲ್ಲಿ ಶೇ. 30ರಷ್ಟು ಕಾಡು ಹೋದರೆ ಇದೇ ದರದಲ್ಲಿ ವರ್ಷಕ್ಕೆ 90 ಮಿ.ಮೀ., ಅಂದರೆ ಮೂರೂವರೆ ಇಂಚು.

ತಾಣದಲ್ಲಿ ಹವಾಮಾನ ಎಂಬ ವಿಭಾಗವೊಂದಿದೆ. ಮಳೆಯನ್ನು ಹುಡುಕಿಕೊಂಡು ಬಂದವರು ಸಹಜವಾಗಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿರುವುದು ಮರ ಹೋದಾಗ ಎಷ್ಟು ಇಂಗಾಲ ಗಾಳಿಗೆ ಸೇರಿತು, ನಿಂತ ಮರ ಎಷ್ಟನ್ನು ಹೀರಿತು ಎಂಬ ಲೆಕ್ಕ. ಜಾಗತಿಕ ತಾಪಮಾನದ ಚರ್ಚೆಗೆ ಅದು ಬೇಕಾದದ್ದೇ. ಸ್ಥಳೀಯ ಮಳೆ, ಸ್ಥಳೀಯ ಸೆಖೆ ಮಾತ್ರ ಅದರಲ್ಲಿ ಇಲ್ಲ. ಮಳೆಯ ದಾಖಲೆಯನ್ನು ಬೇರೆ ಕಡೆಯಿಂದ ತರಬೇಕು. 1981ರಿಂದ ಈಚಿನ ಮಳೆಯನ್ನು ಸುಮಾರು 5 ಕಿ.ಮೀ. ಚೌಕಗಳಲ್ಲಿ ಕೊಡುವ ಚಿರ್ಪ್ಸ್ ಎಂಬ ದತ್ತಾಂಶವೂ ಉಚಿತವಾಗಿಯೇ ಸಿಗುತ್ತದೆ, ಕರ್ನಾಟಕದ ಮಟ್ಟಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. ಕಾಡಿನ ನಕ್ಷೆ, ಮಳೆಯ ದಾಖಲೆ ಎರಡನ್ನೂ ಒಂದೇ ಪರದೆಯಲ್ಲಿ ಜೋಡಿಸಿ ನೋಡುವ ಅನುಕೂಲ ಈ ಸೇವೆಯಲ್ಲಿ ಇದ್ದಿದ್ದರೆ ಶಾಲೆ ಕಾಲೇಜುಗಳ ಮೇಷ್ಟ್ರುಗಳಿಗೆ ಬಹಳ ಉಪಕಾರವಾಗುತ್ತಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ನಕ್ಷೆಯನ್ನು ಅಮೆಜಾನ್‌ನಿಂದ ಪಶ್ಚಿಮಘಟ್ಟಕ್ಕೆ ಸರಿಸಿದ ಕೂಡಲೇ ಹಸಿರು ಮತ್ತು ಗುಲಾಬಿ ಎರಡೂ ಬಣ್ಣಗಳು ತಮ್ಮ ಅರ್ಥವನ್ನು ಸಡಿಲಿಸಿಬಿಡುತ್ತವೆ. ಉಪಗ್ರಹ ನೋಡುವುದು ಮರವನ್ನು. ಅದು ಕಾಡೋ ತೋಟವೋ ಎಂದು ಅದು ಕೇಳುವುದಿಲ್ಲ. ಸುಳ್ಯದ ಕಡೆ ವಯಸ್ಸಾದ ರಬ್ಬರ್ ಮರಗಳನ್ನು ಕಡಿದು ಹೊಸ ಸಸಿ ನೆಟ್ಟರೂ ಗುಲಾಬಿ, ಶಿವಮೊಗ್ಗದ ಕಡೆ ಅಕೇಶಿಯಾ ನೆಡುತೋಪನ್ನು ಕಟಾವು ಮಾಡಿದರೂ ಗುಲಾಬಿ, ನಿಜವಾದ ಮಳೆಕಾಡನ್ನು ಕಡಿದರೂ ಗುಲಾಬಿ. ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಗುಲಾಬಿಯಾಗದೇ ಉಳಿಯುವ ನಷ್ಟ. ಕಾಫಿ ತೋಟದಲ್ಲಿ ಹಲಸು, ನಂದಿ, ಅತ್ತಿ, ಬಸರಿಯಂಥ ನೆರಳಿನ ಮರಗಳು ಒಂದೊಂದಾಗಿ ಹೋಗಿ ಆ ಜಾಗದಲ್ಲಿ ಸಿಲ್ವರ್ ಓಕ್ ಎದ್ದು ನಿಂತರೆ, ಮೇಲಿನಿಂದ ನೋಡುವ ಕಣ್ಣಿಗೆ ಹಸಿರು ಹಸಿರೇ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟಗಳಲ್ಲಿ ಮರಗಳು ಸವರಿಸಿಕೊಂಡು ಸವರಿಸಿಕೊಂಡು ವಿರಳವಾಗುತ್ತ ಹೋದದ್ದೂ ಈ ಲೆಕ್ಕಕ್ಕೆ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ನಷ್ಟವೆಂದರೆ ಒಂದು ಚುಕ್ಕೆಯೊಳಗಿನ ಮರಗಳು ಪೂರ್ತಿಯಾಗಿ ಹೋಗಬೇಕು. ಕಾಡು ತೆಳುವಾಗುವುದು ಈ ನಕ್ಷೆಯಲ್ಲಿ ಬಹುತೇಕ ಕಾಣುವುದಿಲ್ಲ, ಮಲೆನಾಡಿನಲ್ಲಿ ಕಾಡು ಹೋಗುವ ರೀತಿಯಾದರೋ ಹೆಚ್ಚಾಗಿ ಅದೇ.

ಈ ಗೊಂದಲ ನ್ಯಾಯಾಲಯದ ಬಾಗಿಲಿಗೂ ಹೋಗಿದೆ. 2000ದಿಂದ ಈಚೆಗೆ ಭಾರತ 23.3 ಲಕ್ಷ ಹೆಕ್ಟೇರ್ ಮರಹೊದಿಕೆಯನ್ನು ಕಳೆದುಕೊಂಡಿದೆ ಎಂಬ ಈ ತಾಣದ ಅಂಕಿ 2024ರ ಏಪ್ರಿಲ್‌ನಲ್ಲಿ ಸುದ್ದಿಯಾದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಬಂದ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯಲ್ಲಿ ದೇಶದ ಅರಣ್ಯ ಮತ್ತು ಮರಗಳ ಹೊದಿಕೆ ಹೆಚ್ಚಾಗಿ ಶೇ. 25.17 ಮುಟ್ಟಿತ್ತು. ಓದುಗರು ಯಾವುದನ್ನು ನಂಬಬೇಕು? ನನ್ನ ಮಟ್ಟಿಗೆ ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸುಳ್ಳಲ್ಲ. ಸರ್ಕಾರಿ ವರದಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ನೆತ್ತಿ ಮುಚ್ಚಿದ ಜಾಗವನ್ನು, ಮಾಲೀಕ ಯಾರೇ ಇರಲಿ, ಮರ ಯಾವುದೇ ಇರಲಿ, ಅರಣ್ಯ ಹೊದಿಕೆ ಎಂದೇ ಎಣಿಸುತ್ತದೆ; ಈ ತಾಣ ಹೋದ ಮರವನ್ನು ವರ್ಷವರ್ಷವೂ ಲೆಕ್ಕ ಹಾಕುತ್ತದೆ, ಅದೇ ಜಾಗದಲ್ಲಿ ಮತ್ತೆ ಎದ್ದ ಮರವನ್ನು ಆ ನಷ್ಟದಿಂದ ಕಳೆಯುವುದಿಲ್ಲ. ಒಬ್ಬರ ಲೆಕ್ಕದಲ್ಲಿ ತೆಂಗಿನ ತೋಟ ಗಳಿಕೆ, ಇನ್ನೊಬ್ಬರ ಲೆಕ್ಕದಲ್ಲಿ ರಬ್ಬರ್ ಮರುನಾಟಿ ನಷ್ಟ. ಮಳೆಯ ದೃಷ್ಟಿಯಿಂದ ಮುಖ್ಯವಾಗಿರುವ ಆಳದ ಬೇರು, ಪದರ ಪದರವಾದ ನೆತ್ತಿ, ಬೇಸಿಗೆಯಲ್ಲೂ ಬಿಡುವ ನೀರಾವಿ ಎರಡು ಲೆಕ್ಕದಲ್ಲೂ ಇಲ್ಲ.

ಪಶ್ಚಿಮಘಟ್ಟದಲ್ಲಿ ಕಾಡಿಗೂ ಮಳೆಗೂ ಇರುವ ನಂಟು ಅಮೆಜಾನ್‌ನಂತೆಯೇ ಇದೆ ಎಂದುಕೊಳ್ಳುವುದೂ ತಪ್ಪು. ಆಗುಂಬೆಯ ಮಳೆ ಅರಬ್ಬಿ ಸಮುದ್ರದ ತೇವ ಗುಡ್ಡಕ್ಕೆ ಬಡಿದು ಮೇಲೇರಿ ಸುರಿಯುವ ಮಳೆ. ಅದರ ಮುಖ್ಯ ಕಾರಣ ಬೆಟ್ಟದ ಎತ್ತರ ಮತ್ತು ಮುಂಗಾರಿನ ಗಾಳಿ. ಘಟ್ಟದ ಕಾಡಿನ ಕೈವಾಡ ಕಾಣುವುದು ಘಟ್ಟದ ಆಚೆಗೆ. ಬಾಂಬೆ ಐಐಟಿಯ ಸುಬಿಮಲ್ ಘೋಷ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಾಡುಗಳು ಬಿಡುವ ನೀರಾವಿ ಗಾಳಿಯೊಂದಿಗೆ ಪೂರ್ವಕ್ಕೆ ಸಾಗಿ ತಮಿಳುನಾಡಿನ ನೈರುತ್ಯ ಮುಂಗಾರಿನ ಮಳೆಗೆ ಗಣನೀಯ ಪಾಲು ತೇವ ಒದಗಿಸುತ್ತದೆ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಈ ಪಾಲು ಶೇ. 40ರವರೆಗೂ ಏರುತ್ತದೆ. ಕಾವೇರಿಯ ನೀರಿನ ಬಗ್ಗೆ ಇಷ್ಟು ವರ್ಷ ಜಗಳವಾಡಿದ ಎರಡು ರಾಜ್ಯಗಳು ಈ ಗಾಳಿಯ ನೀರಿನ ಬಗ್ಗೆ ಒಂದು ಮಾತನ್ನೂ ಆಡಿಲ್ಲದಿರುವುದು ನನಗೆ ಸೋಜಿಗ. ಕೊಡಗಿನ ಒಂದು ಗುಡ್ಡಕ್ಕೆ ಗೆರೆ ಎಳೆದು ಈ ತಾಣದಲ್ಲಿ ನಷ್ಟ ನೋಡುವವರು, ಆ ನಷ್ಟದ ಪರಿಣಾಮವನ್ನು ಕೊಡಗಿನ ಮಳೆಮಾಪಕದಲ್ಲೇ ಹುಡುಕಿದರೆ ಸಿಗದಿರಬಹುದು.

ಬೇಗ ಎಚ್ಚರಿಸುವ ಸೌಲಭ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಪ್ರದೇಶವನ್ನು ಗುರುತಿಸಿಟ್ಟರೆ ಅಲ್ಲಿ ಮರ ಹೋದ ಅಥವಾ ಬೆಂಕಿ ಕಂಡ ಸುದ್ದಿ ಇಮೇಲ್‌ಗೆ ಬರುತ್ತದೆ. ಫಾರೆಸ್ಟ್ ವಾಚರ್ ಎಂಬ ಮೊಬೈಲ್ ಆ್ಯಪ್ ಇಂಟರ್ನೆಟ್ ಇಲ್ಲದ ಕಾಡಿನೊಳಗೂ ಕೆಲಸ ಮಾಡುತ್ತದೆ. ಲ್ಯಾಂಡ್‌ಸ್ಯಾಟ್‌ನಂಥ ಉಪಗ್ರಹಗಳು ಮೋಡದ ಮೂಲಕ ನೋಡಲಾರವು ಎಂಬುದು ನಮಗೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಆಕಾಶ ತೆರೆಯುವುದೇ ಅಪರೂಪವಾದ್ದರಿಂದ, ಮಳೆಗಾಲದಲ್ಲಿ ಬಿದ್ದ ಮರ ನಕ್ಷೆಗೆ ಬರುವುದು ದಸರಾ ಕಳೆದ ಮೇಲೆ ಎಂದಿಟ್ಟುಕೊಳ್ಳಬಹುದು.

ಬಳಸಲು ಹೊರಟವರಿಗೆ ಕೆಲವು ಸೂಚನೆಗಳು. ಉಷ್ಣವಲಯದ ಲೆಕ್ಕ ಬೇಕಾದಾಗ ಬರೀ ಮರಹೊದಿಕೆಯ ನಷ್ಟವನ್ನು ನೋಡದೆ, ಮೂಲ ಮಳೆಕಾಡಿನ ನಷ್ಟ ಎಂಬ ಪದರವನ್ನು ಆರಿಸಿಕೊಳ್ಳಿ. ತೋಟ ಮತ್ತು ನೆಡುತೋಪಿನ ಗೊಂದಲ ಅಲ್ಲಿ ಬಹಳ ಕಡಿಮೆ. ಆ ಪದರದ ಪ್ರಕಾರ 2024ರಲ್ಲಿ ಉಷ್ಣವಲಯ ಕಳೆದುಕೊಂಡ ಮೂಲ ಕಾಡು 67 ಲಕ್ಷ ಹೆಕ್ಟೇರ್; ಹಿಂದಿನ ವರ್ಷ ಅದು 37 ಲಕ್ಷವಿತ್ತು. ಅಷ್ಟು ಹೆಚ್ಚಲು ಮುಖ್ಯ ಕಾರಣ ಬೆಂಕಿ, ಬೆಂಕಿಗೆ ಕಾರಣವಾದದ್ದರಲ್ಲಿ ಬರವೂ ಒಂದು. ಮಳೆ ಕಡಿಮೆಯಾದರೆ ಕಾಡು ಹೋಗುತ್ತದೆ ಎಂಬ ಹಿಮ್ಮುಖ ದಾರಿಯನ್ನೂ ಈ ಒಂದು ಅಂಕಿಯಲ್ಲಿ ಕಾಣಬಹುದು. ನಮ್ಮ ಜಿಲ್ಲೆಗಳನ್ನು ನೋಡುವಾಗ ನೆಡುತೋಪುಗಳ ಪದರವನ್ನೂ ಮೇಲೆ ಹಾಕಿಕೊಂಡು, ಗುಲಾಬಿ ಕಂಡ ಜಾಗದ ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ತೆರೆದು, ಸಾಧ್ಯವಿದ್ದರೆ ಆ ಊರಿನವರನ್ನೊಮ್ಮೆ ಕೇಳಿ, ಆಮೇಲೆ ಬರೆಯುವುದು ಒಳ್ಳೆಯದು. ತಾಣ ಇಂಗ್ಲಿಷ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಚೀನೀ, ಇಂಡೋನೇಷ್ಯನ್ ಭಾಷೆಗಳಲ್ಲಿ ಸಿಗುತ್ತದೆ, ಭಾರತದ ಯಾವ ಭಾಷೆಯೂ ಆ ಪಟ್ಟಿಯಲ್ಲಿಲ್ಲ. ಹೊಸ ವರ್ಷದ ದತ್ತಾಂಶ ಸಾಮಾನ್ಯವಾಗಿ ಏಪ್ರಿಲ್–ಮೇ ಹೊತ್ತಿಗೆ ಸೇರ್ಪಡೆಯಾಗುತ್ತದೆ. ವರದಿ ಅಥವಾ ಪಾಠಕ್ಕಾಗಿ ಅಂಕಿ ಇಳಿಸಿಕೊಳ್ಳುವವರು ಅಲ್ಲಿಯವರೆಗೆ ಕಾಯುವುದು ಮೇಲು.